ದೀಪಾವಳಿಗೆ ಮುಂಚೆ ಎರಡು ರೂಮಿಗೆ ಬಣ್ಣ: ಒಂದರ ಗೋಡೆ ಚೆನ್ನಾಗಿದೆ, ಇನ್ನೊಂದರದ್ದು ಉದುರುತ್ತಿದೆ. ಸಲಹೆ ಬೇಕು

ಜೋಗದ_ದಾರಿ:

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಮನೆ. ಇಟ್ಟಿಗೆ ಗೋಡೆ, ಸಿಮೆಂಟ್ ಗಾರೆ, ತಾರಸಿ, ಮಳೆಗೆ ಅಂತ ತಾರಸಿ ಮೇಲೆ ಶೀಟು. ಕಟ್ಟಿ ಇಪ್ಪತ್ತು ವರ್ಷ ದಾಟಿದೆ. ದೀಪಾವಳಿಗೆ ಮುಂಚೆ ಎರಡು ರೂಮಿಗೆ ಬಣ್ಣ ಆಗಲೇಬೇಕು ಎಂದು ಅಮ್ಮ ಹಟ ಹಿಡಿದಿದ್ದಾರೆ.

ಮುಂದಿನ ರೂಮು 10 ಅಡಿಗೆ 12 ಅಡಿ, ಎತ್ತರ 10 ಅಡಿ. ಹಳೇ ತಿಳಿಹಸಿರು ಡಿಸ್ಟೆಂಪರ್ (ಅಗ್ಗದ ನೀರಿನ ಬಣ್ಣ) ಇದೆ. ಮೊಳೆ ಕಿತ್ತ ತೂತು, ಕೂದಲೆಳೆಯಂಥ ಬಿರುಕು ಬಿಟ್ಟರೆ ಗೋಡೆ ಗಟ್ಟಿಯಾಗಿದೆ. ಇದನ್ನು ನಾನೇ ಹೊಡೆಯೋಣ ಅಂತ.

ತಲೆನೋವು ಇರುವುದು ಹಿಂದಿನ ರೂಮಿನದ್ದು. ಹಿತ್ತಿಲ ಕಡೆಯ ಗೋಡೆಯಲ್ಲಿ ನೆಲದಿಂದ ಎರಡು ಅಡಿ ತನಕ ಬಣ್ಣ ಹಪ್ಪಳದ ಹಾಗೆ ಎದ್ದಿದೆ. ಕೆರೆದರೆ ಬಿಳಿ ಪುಡಿ. ಪೇಟೆಯಿಂದ ಬಂದು ನೋಡಿದ ಪೇಂಟರ್ "ವಾಟರ್‌ಪ್ರೂಫ್ ಪಟ್ಟಿ (ಗೋಡೆ ನಯ ಮಾಡಲು ಬಳಿಯುವ ಪುಟ್ಟಿ) ಹಾಕಿದರೆ ಇನ್ನು ಬರಲ್ಲ" ಅಂದರು. ನಂಬಬಹುದಾ? ಮುಂದಿನ ರೂಮಿಗೆ ಎಷ್ಟು ಲೀಟರ್ ಬಣ್ಣ ಬೇಕು? ಪಟ್ಟಿ ಮೊದಲಾ, ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ತಳದ ಕೋಟ್) ಮೊದಲಾ?

ಸುಮ್ನೆ_ಬಂದೆ:

ದೀಪಾವಳಿ ಹತ್ತಿರ ಇರುವಾಗ ನಿಮ್ಮ ಮನೆಗೆ ಪೇಂಟರ್ ಬಂದು ನೋಡಿದ್ದಾರೆ ಅನ್ನುವುದೇ ಸುದ್ದಿ. ನಮ್ಮ ಕಡೆ ಫೋನೇ ಎತ್ತುತ್ತಿಲ್ಲ.

ಬ್ರಷ್_ಮೇಸ್ತ್ರಿ:

ದಾವಣಗೆರೆಯಲ್ಲಿ ಪೇಂಟಿಂಗ್ ಕಾಂಟ್ರಾಕ್ಟ್ ಮಾಡುತ್ತೇನೆ. ಮೊದಲು ನಿಮ್ಮ ಮುಂದಿನ ರೂಮಿನ ವಿಷಯ, ಅದು ಸುಲಭ.

ಲೆಕ್ಕ ಹೀಗೆ ಹಾಕಿ. ನಾಲ್ಕು ಗೋಡೆ ಉದ್ದ ಕೂಡಿದರೆ 44 ಅಡಿ. ಎತ್ತರ 10. ಒಟ್ಟು 440 ಚದರ ಅಡಿ. ಒಂದು ಬಾಗಿಲು, ಎರಡು ಕಿಟಕಿಗೆ ಐವತ್ತು ಚಿಲ್ಲರೆ ಕಳೆಯಿರಿ. ಸುಮಾರು 390 ಉಳಿಯಿತು. ನಯವಾದ ಗೋಡೆಗೆ ಒಳ್ಳೆ ಎಮಲ್ಷನ್ (ಒಳಗೋಡೆಗೆ ಹೊಡೆಯುವ ನೀರಿನ ಬಣ್ಣ) ಒಂದು ಲೀಟರ್, ಎರಡು ಕೋಟ್‌ಗೆ 120 ಚದರ ಅಡಿ ಹತ್ತಿರ ಬರುತ್ತದೆ. ಅಂದರೆ ಗೋಡೆಗೆ 4 ಲೀಟರಿನ ಒಂದು ಡಬ್ಬಿ. ಸೀಲಿಂಗ್ 120 ಚದರ ಅಡಿ, ಅದಕ್ಕೆ ಬಿಳಿ 1 ಲೀಟರ್. ಗೋಡೆ ಒರಟಾಗಿದ್ದರೆ ಈ ಲೆಕ್ಕ ಕೈಕೊಡುತ್ತದೆ, ಆಗ ಇನ್ನೊಂದು ಲೀಟರ್ ಹಿಡಿಸೀತು.

ಈಗ ಹಳೇ ಡಿಸ್ಟೆಂಪರ್ ನಿಲ್ಲುತ್ತದಾ ನೋಡಬೇಕು. ಒದ್ದೆ ಬಟ್ಟೆಯಿಂದ ಜೋರಾಗಿ ಉಜ್ಜಿ. ಬಟ್ಟೆಗೆ ಹಸಿರು ಬಣ್ಣ ಹತ್ತಿದರೆ ಅದರ ಮೇಲೆ ಎಮಲ್ಷನ್ ಕೂರುವುದಿಲ್ಲ, ಪೂರ್ತಿ ಕೆರೆಯಲೇಬೇಕು. ಹತ್ತದಿದ್ದರೆ ಸೆಲ್ಲೋ ಟೇಪ್ ಅಂಟಿಸಿ ಸರಕ್ಕನೆ ಕಿತ್ತು ನೋಡಿ. ಟೇಪಿಗೆ ಬಣ್ಣದ ಚಕ್ಕೆ ಬಂದರೂ ಕೆರೆಯುವುದೇ. ಬರದಿದ್ದರೆ ಉಪ್ಪುಕಾಗದ ಹಾಕಿದರೆ ಸಾಕು, 120 ಅಥವಾ 180 ನಂಬರಿನದ್ದು. ಉಜ್ಜಿದ ಮೇಲೆ ಧೂಳು ಒರೆಸಿ. ಈ ಒರೆಸುವ ಕೆಲಸ ಬಿಡುವವರೇ ಜಾಸ್ತಿ. ಧೂಳಿನ ಮೇಲೆ ಹೊಡೆದ ಬಣ್ಣ ಧೂಳನ್ನೇ ಹಿಡಿದುಕೊಂಡಿರುತ್ತದೆ, ಗೋಡೆಯನ್ನಲ್ಲ.

ಮೊಳೆ ತೂತಿಗೆ ಪೂರ್ತಿ ಗೋಡೆಗೆ ಪಟ್ಟಿ ಎಳೆಯುವ ಅಗತ್ಯ ಇಲ್ಲ. ಒಂದು ಚಿಕ್ಕ ಪೊಟ್ಟಣ ರೆಡಿಮೇಡ್ ಅಕ್ರಿಲಿಕ್ ಪಟ್ಟಿ ತನ್ನಿ. ಬಿರುಕನ್ನು ಹಾಗೇ ಮುಚ್ಚಬೇಡಿ. ಸ್ಕ್ರೇಪರ್ ಮೂಲೆಯಿಂದ ಸ್ವಲ್ಪ ಕೊರೆದು ಅಗಲ ಮಾಡಿ, ಆಮೇಲೆ ತುಂಬಿ. ಒಂದೇ ಸಲ ದಪ್ಪ ತುಂಬಿದರೆ ಒಣಗಿದಾಗ ಒಳಗೆ ಕುಸಿಯುತ್ತದೆ. ಎರಡು ಸಲ ತೆಳ್ಳಗೆ ಹಾಕಿ.

ಇಟ್ಟಿಗೆ_ಸಿಮೆಂಟ್:

ಹುಬ್ಬಳ್ಳಿಯಿಂದ, ಸಿವಿಲ್ ಎಂಜಿನಿಯರ್. ಮೇಸ್ತ್ರಿ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ನಾನು ಹಿಂದಿನ ರೂಮಿನ ಬಗ್ಗೆ ಮಾತಾಡುತ್ತೇನೆ ನೋಡ್ರಿ.

ಪಟ್ಟಿ ಅನ್ನುವುದು ಗೋಡೆ ನಯ ಮಾಡುವ ಸಾಮಾನು. ನೀರು ತಡೆಯುವ ಗೋಡೆ ಅಲ್ಲ. ಅದು ಒಟ್ಟು ಒಂದೂವರೆ ಮಿಲಿಮೀಟರ್ ದಪ್ಪ ಇರುತ್ತದೆ. ಹಿಂದಿನಿಂದ ಬರುವ ನೀರು ಅದನ್ನು ತಳ್ಳಿಕೊಂಡೇ ಬರುತ್ತದೆ. ಚೀಲದ ಮೇಲೆ ವಾಟರ್‌ಪ್ರೂಫ್ ಎಂದು ಬರೆದಿದ್ದರೂ ಅಷ್ಟೇ.

ನೀವು ಹೇಳುವ ಬಿಳಿ ಪುಡಿ ಉಪ್ಪು. ಮಣ್ಣು, ಇಟ್ಟಿಗೆ, ಗಾರೆಯಲ್ಲಿರುವ ಲವಣವನ್ನು ನೀರು ಕರಗಿಸಿ ಗೋಡೆ ಮೇಲ್ಮೈಗೆ ತರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಹರಳುಗಟ್ಟುತ್ತದೆ. ಆ ಹರಳು ಬಣ್ಣವನ್ನು ಎತ್ತಿ ಬಿಸಾಡುತ್ತದೆ. ನೆಲದಿಂದ ಎರಡು ಅಡಿ ಎತ್ತರಕ್ಕೆ ಒಂದೇ ಸಮ ಇದ್ದರೆ ನೀರು ಕೆಳಗಿನಿಂದ ಏರುತ್ತಿದೆ. ಮೇಲಿನಿಂದ ಇಳಿದ ನೀರಾದರೆ ಕಲೆ ಸೀಲಿಂಗ್ ಹತ್ತಿರ ಅಥವಾ ಕಿಟಕಿ ಮೂಲೆಯಲ್ಲಿ ಇರುತ್ತಿತ್ತು. ಪೈಪ್ ಸೋರಿಕೆಯಾದರೆ ಒಂದೇ ಜಾಗದಲ್ಲಿ ದುಂಡಗೆ ಹರಡಿರುತ್ತದೆ, ಬೇಸಿಗೆಯಲ್ಲೂ ಒಣಗುವುದಿಲ್ಲ.

ಮೂರು ಪ್ರಶ್ನೆ. ಆ ಗೋಡೆಯ ಹೊರಗೆ ಏನಿದೆ? ಅಂಗಳದ ಮಣ್ಣು ಪಂಚಾಂಗಕ್ಕಿಂತ, ಅಂದರೆ ಗೋಡೆ ಕೂತಿರುವ ಅಡಿಪಾಯದ ಕಟ್ಟಿಗಿಂತ, ಎತ್ತರ ಇದೆಯಾ? ಬಚ್ಚಲು ಮನೆ ಆ ಗೋಡೆಗೆ ಅಂಟಿಕೊಂಡಿದೆಯಾ?

ಜೋಗದ_ದಾರಿ:

ಬಚ್ಚಲು ಬೇರೆ ಕಡೆ ಇದೆ ಸರ್. ಹೊರಗೆ ಗೋಡೆಗೆ ಒತ್ತಿಕೊಂಡೇ ಅಮ್ಮನ ಹೂವಿನ ಪಾತಿ. ದಾಸವಾಳ, ಡೇರೆ ಎಲ್ಲಾ ಇದೆ. ಕೆಲವು ವರ್ಷದ ಹಿಂದೆ ಹಿತ್ತಿಲಿಗೆ ಒಂದು ಲೋಡ್ ಮಣ್ಣು ಹಾಕಿಸಿ ಎತ್ತರ ಮಾಡಿದ್ದೆವು. ಈಗ ನೋಡಿದರೆ ಪಂಚಾಂಗದ ಕಲ್ಲೇ ಕಾಣುತ್ತಿಲ್ಲ.

ಇಟ್ಟಿಗೆ_ಸಿಮೆಂಟ್:

ಸಿಕ್ಕಿತಲ್ಲ.

ಮನೆ ಕಟ್ಟುವಾಗ ಪಂಚಾಂಗದ ಮಟ್ಟದಲ್ಲಿ ಒಂದು ಪದರ ಕಾಂಕ್ರೀಟ್ ಹಾಕುತ್ತಾರೆ, ನೆಲದ ತೇವ ಗೋಡೆಗೆ ಏರಬಾರದು ಅಂತ. ಡಿಪಿಸಿ ಅನ್ನುತ್ತೇವೆ. ಹೊರಗಿನ ಮಣ್ಣು ಅದಕ್ಕಿಂತ ಮೇಲೆ ಬಂದರೆ ಆ ಪದರ ಇದ್ದೂ ಇಲ್ಲದ ಹಾಗೆ. ಮಣ್ಣಿನ ನೀರು ನೇರವಾಗಿ ಇಟ್ಟಿಗೆಗೆ ಹೋಗುತ್ತದೆ. ಅದರ ಮೇಲೆ ದಿನಾ ಗಿಡಕ್ಕೆ ನೀರು, ಮೇಲೆ ಸಾಗರದ ಮಳೆ.

ಆದರೂ ಒಂದು ಪರೀಕ್ಷೆ ಮಾಡಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಬಿಗಿ ಮಾಡಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಗೆ, ಅಂದರೆ ಗೋಡೆ ಕಡೆಗೆ, ನೀರಿನ ಹನಿ ಕೂತಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ. ಹೊರಮೈಗೆ ಹನಿ ಇದ್ದರೆ ಅದು ರೂಮಿನ ಗಾಳಿಯ ತೇವ, ಅದಕ್ಕೆ ಕಿಟಕಿ ತೆಗೆದಿಡುವುದೇ ಔಷಧಿ. ಎರಡಕ್ಕೂ ಬೇರೆ ಬೇರೆ ಉಪಾಯ, ಹಾಗಾಗಿ ಮೊದಲು ಇದು ಗೊತ್ತಾಗಬೇಕು.

ಉಪ್ಪುಗಾಳಿ:

ಉಡುಪಿ ಕಡೆಯವಳು. ಆ ಗಾಳಿಯ ತೇವದ ವಿಷಯಕ್ಕೆ ನನ್ನದೂ ಒಂದು ಮಾತು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೆ ಕಪ್ಪು ಬೂಷ್ಟು ಬರುವುದು ಮಾಮೂಲಿ, ಅದರಲ್ಲೂ ಕಪಾಟಿನ ಹಿಂದೆ. ಅದರ ಮೇಲೆ ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಮತ್ತೆ ಹಾಜರು. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕದಡಿ, ತಿಳಿಯನ್ನು ಬ್ರಷ್‌ನಿಂದ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ತೊಳೆಯಬೇಕು. ಗೋಡೆ ಪೂರ್ತಿ ಒಣಗಬೇಕು. ಕೈಗೆ ಗ್ಲೌಸ್, ಕಿಟಕಿ ಬಾಗಿಲು ತೆರೆದಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ, ಬರುವ ಗಾಳಿ ವಿಷ.

ಬಣ್ಣ ಆದ ಮೇಲೆ ಕಪಾಟನ್ನು ಗೋಡೆಗೆ ಒತ್ತಿ ಇಡಬೇಡಿ. ನಾಲ್ಕು ಬೆರಳು ಜಾಗ ಬಿಡಿ, ಗಾಳಿಯಾಡಲಿ.

ಬ್ರಷ್_ಮೇಸ್ತ್ರಿ:

ಪಟ್ಟಿ ಮೊದಲಾ ಪ್ರೈಮರ್ ಮೊದಲಾ ಎಂದು ಕೇಳಿದ್ದಿರಿ, ಅದು ಉಳಿದುಹೋಯಿತು. ನಾನು ಪ್ರೈಮರ್, ಪಟ್ಟಿ ಎರಡು ಕೋಟ್, ಉಪ್ಪುಕಾಗದ, ಮತ್ತೆ ಪ್ರೈಮರ್, ಆಮೇಲೆ ಬಣ್ಣ ಎರಡು ಕೋಟ್. ನಮ್ಮ ಗುರುಗಳ ಕಾಲದಿಂದ ಹೀಗೇ.

ಇಟ್ಟಿಗೆ_ಸಿಮೆಂಟ್:

ಮೇಸ್ತ್ರಿ, ಇಲ್ಲಿ ನನ್ನ ತಕರಾರಿದೆ. ಯಾವ ಪಟ್ಟಿ ಅನ್ನುವುದರ ಮೇಲೆ ಹೋಗುತ್ತದೆ. ಬಿಳಿ ಸಿಮೆಂಟಿನ ಪಟ್ಟಿ, ಅಂದರೆ ಪುಡಿ ರೂಪದಲ್ಲಿ ಚೀಲದಲ್ಲಿ ಬರುವುದು, ಬರೀ ಗಾರೆಗೇ ಹಿಡಿಯಬೇಕು. ಗೋಡೆಯನ್ನು ನೀರಿನಿಂದ ಒದ್ದೆ ಮಾಡಿ ಅದರ ಮೇಲೆ ಎಳೆಯಬೇಕು. ಸಿಮೆಂಟು ಗಾರೆ ಜೊತೆ ಸೇರಿ ಗಟ್ಟಿಯಾಗುತ್ತದೆ. ನಡುವೆ ಪ್ರೈಮರ್ ಹಾಕಿದರೆ ಆ ಹಿಡಿತಕ್ಕೇ ಅಡ್ಡ. ಡಬ್ಬಿಯಲ್ಲಿ ಪೇಸ್ಟ್ ಆಗಿ ಬರುವ ಅಕ್ರಿಲಿಕ್ ಪಟ್ಟಿ ಬೇರೆ ಜಾತಿ. ಅದಕ್ಕೆ ಕೆಳಗೆ ಪ್ರೈಮರ್ ಬೇಕು.

ಬ್ರಷ್_ಮೇಸ್ತ್ರಿ:

ಹೊಸ ಗಾರೆಗೆ ನೀವು ಹೇಳಿದ್ದು ಸರಿ ಸರ್. ಹೊಸ ಮನೆಯಾದರೆ ನಾನೂ ಸಿಮೆಂಟ್ ಪಟ್ಟಿಯನ್ನು ನೇರವಾಗಿ ಗಾರೆಗೇ ಹಾಕುತ್ತೇನೆ. ಆದರೆ ಹಳೇ ಗೋಡೆ ಕೆರೆದಾಗ ಅರ್ಧ ಬಣ್ಣ ಹೋಗಿರುತ್ತದೆ, ಅರ್ಧ ಉಳಿದಿರುತ್ತದೆ, ಪುಡಿ ಬೇರೆ. ಅಂಥ ಗೋಡೆಗೆ ಪ್ರೈಮರ್ ಕೊಟ್ಟು ಅಕ್ರಿಲಿಕ್ ಪಟ್ಟಿ ಹಾಕಿದರೆ ನಿಲ್ಲುತ್ತದೆ. ನಿಮ್ಮ ಹಾಗೆ ಒದ್ದೆ ಮಾಡಿ ಸಿಮೆಂಟ್ ಪಟ್ಟಿ ಎಳೆದರೆ ಉಳಿದ ಹಳೇ ಬಣ್ಣದ ಮೇಲಿಂದ ಸಿಪ್ಪೆ ಎದ್ದು ಬರುತ್ತದೆ.

ಇಟ್ಟಿಗೆ_ಸಿಮೆಂಟ್:

ಹಳೇ ಗೋಡೆಗೆ ನಿಮ್ಮ ಮಾತು ಒಪ್ಪಿದೆ. ಒಂದೇ ಸೇರಿಸುತ್ತೇನೆ. ಹೊಸ ಗಾರೆ ಆದರೆ ಕನಿಷ್ಠ 28 ದಿನ ಬಿಡಬೇಕು. ಸಿಮೆಂಟಿನ ಕ್ಷಾರ ಜೋರಿದ್ದಾಗ ಬಣ್ಣ ಹೊಡೆದರೆ ಬಣ್ಣ ಮಾಸುತ್ತದೆ, ಕಲೆ ಬೀಳುತ್ತದೆ. ಗೃಹಪ್ರವೇಶದ ದಿನ ಗೊತ್ತು ಮಾಡಿ ಆಮೇಲೆ ಪೇಂಟರ್‌ನ ಹಿಂದೆ ಬೀಳುವವರು ಇದನ್ನು ಓದಿಕೊಳ್ಳಲಿ.

ಬಾಡಿಗೆ_ಬದುಕು:

ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದೇನೆ. ನಮ್ಮದು ಬೇರೆಯೇ ಕಥೆ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ಇಲ್ಲಿ ರೂಢಿ. ಆರು ತಿಂಗಳು ಇದ್ದರೂ ಅಷ್ಟೇ, ಆರು ವರ್ಷ ಇದ್ದರೂ ಅಷ್ಟೇ. ನಾನೇ ಹೊಡೆಸಿಕೊಟ್ಟರೆ ಮುರಿಯುವುದಿಲ್ಲವಾ ಎಂದು ಒಪ್ಪಂದ ಬರೆಯುವಾಗಲೇ ಕೇಳಿ, ಬರೆಸಿಕೊಳ್ಳಿ. ಸೇರುವ ದಿನವೇ ಗೋಡೆಗಳ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಡಿ. ಒಂದು ಗೋಡೆಗೆ ಬೇರೆ ಬಣ್ಣ ಹೊಡೆಯಬೇಕು ಅನ್ನಿಸಿದರೂ ಅನುಮತಿ ಅದೇ ವಾಟ್ಸಾಪ್‌ನಲ್ಲಿ ಇರಲಿ, ಬಾಯಿ ಮಾತು ಬೇಡ.

ಮ್ಯೂನಿಕ್_ಕನ್ನಡಿಗ:

ಇಲ್ಲಿ ಜರ್ಮನಿಯಲ್ಲಿ ಬಾಡಿಗೆದಾರರೇ ರೋಲರ್ ಹಿಡಿಯುವುದು ತೀರಾ ಸಾಮಾನ್ಯ, ಕೂಲಿ ದುಬಾರಿ. ಇವರಿಂದ ಕಲಿತದ್ದು ಒಂದೇ: ಹೊಡೆಯುವುದಕ್ಕಿಂತ ಮುಚ್ಚುವುದಕ್ಕೆ ಹೆಚ್ಚು ಹೊತ್ತು ಕೊಡುತ್ತಾರೆ. ನೆಲಕ್ಕೆ ಹಾಳೆ, ಸ್ವಿಚ್ಚಿಗೆ, ಕಿಟಕಿ ಚೌಕಟ್ಟಿಗೆ ಟೇಪು. ಎರಡನೇ ಕೋಟ್ ಹಸಿ ಇರುವಾಗಲೇ ಟೇಪ್ ನಿಧಾನ ಕೀಳಬೇಕು. ಪೂರ್ತಿ ಒಣಗಿದ ಮೇಲೆ ಕಿತ್ತರೆ ಬಣ್ಣದ ಅಂಚೂ ಜೊತೆಗೆ ಬರುತ್ತದೆ.

ಸುಮ್ನೆ_ಬಂದೆ:

ನಮ್ಮನೆ ಮೊಸಾಯಿಕ್ ನೆಲದಲ್ಲಿ ಕಳೆದ ಮೂರು ಸಲದ ಬಣ್ಣ ಯಾವುದು ಅಂತ ಈಗಲೂ ನೋಡಿ ಹೇಳಬಹುದು.

ಪುಟ್ಟಿಯ_ಅಮ್ಮ:

ಮನೆಯಲ್ಲಿ ಎರಡು ವರ್ಷದ ಮಗು ಇದೆ. ಗೋಡೆ ಜೊತೆಗೆ ಕಿಟಕಿ ಸರಳಿಗೂ ಬಣ್ಣ ಹೊಡೆಸಬೇಕು ಅಂತಿದ್ದೇವೆ. ಹಳೇ ಎನಾಮಲ್ ಪೇಂಟ್ (ಹೊಳಪಿನ ಎಣ್ಣೆ ಬಣ್ಣ) ಇದೆ, ಅಲ್ಲಲ್ಲಿ ಚಕ್ಕೆ ಏಳುತ್ತದೆ. ಮಗು ಕಿಟಕಿ ಹಿಡಿದುಕೊಂಡು ನಿಲ್ಲುತ್ತದೆ, ಬಾಯಿ ಹಾಕುತ್ತದೆ. ವಾಸನೆ ಎಷ್ಟು ದಿನ ಇರುತ್ತದೆ?

ಇಟ್ಟಿಗೆ_ಸಿಮೆಂಟ್:

ಅಮ್ಮಾ, ವಾಸನೆಗಿಂತ ಆ ಚಕ್ಕೆಯ ಬಗ್ಗೆ ಜಾಸ್ತಿ ಹುಷಾರಿರಿ. ಹಳೇ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ಕ್ಕೆ. ಅದಕ್ಕಿಂತ ಹಳೇ ಬಣ್ಣವಾದರೆ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಿಸಿ. ಸೀಸದ ಧೂಳು ಚಿಕ್ಕ ಮಕ್ಕಳ ಮಿದುಳಿಗೆ ಕೆಡುಕು, ಬಸುರಿಯರಿಗೂ ಒಳ್ಳೆಯದಲ್ಲ.

ಒಣ ಉಪ್ಪುಕಾಗದದಿಂದ ಉಜ್ಜಿಸಲೇಬೇಡಿ. ಬೆಂಕಿ ತೋರಿಸಿ ಸುಡಿಸಲೂಬೇಡಿ. ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಸಿಗುತ್ತದೆ, ಅದರಿಂದ ಒದ್ದೆಯಾಗಿ ಉಜ್ಜಿಸಿ. ಬಿದ್ದದ್ದನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಆ ಎರಡು ಮೂರು ದಿನ ಮಗುವಿನ ಜೊತೆ ತವರಿಗೆ ಹೋಗಿಬಿಡಿ.

ಬ್ರಷ್_ಮೇಸ್ತ್ರಿ:

ವಾಸನೆಗೆ ಉತ್ತರ ಅಕ್ಕ: ಗೋಡೆಯ ಎಮಲ್ಷನ್ ನೀರಿನ ಬಣ್ಣ. ಕಿಟಕಿ ತೆಗೆದಿಟ್ಟರೆ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ಎನಾಮಲ್‌ಗೆ ಟರ್ಪೆಂಟೈನ್ ಬೆರೆಸುತ್ತೇವೆ, ಅದರ ಘಾಟು ಜಾಸ್ತಿ ದಿನ ಇರುತ್ತದೆ. ನೀರಿನ ಎನಾಮಲ್ ಕೂಡ ಈಗ ಬಂದಿದೆ, ಮಗು ಇರುವ ಮನೆಗೆ ಅದನ್ನೇ ಕೇಳಿ. ತುಕ್ಕು ಹಿಡಿದ ಸರಳಿಗೆ ತುಕ್ಕು ತೆಗೆದು ಲೋಹದ ಪ್ರೈಮರ್ ಮೊದಲು.

ಅಡುಗೆ ಮನೆ ಗೋಡೆಗೆ ಎನಾಮಲ್ ಹೊಡೆದಿದ್ದರೆ ಅದರ ಮೇಲೆ ನೇರ ಎಮಲ್ಷನ್ ಹಾಕಬೇಡಿ, ಉಗುರಲ್ಲಿ ಕೆರೆದರೆ ಬರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಜಿಡ್ಡು ತೆಗೆದು, ಹೊಳಪು ಹೋಗುವ ತನಕ ಉಜ್ಜಿ, ಪ್ರೈಮರ್ ಕೊಟ್ಟು ಆಮೇಲೆ. ಹಳೇ ಎನಾಮಲ್ ಆದ್ದರಿಂದ ಇಲ್ಲೂ ಸರ್ ಹೇಳಿದ ಹಾಗೆ ಒದ್ದೆ ಉಜ್ಜುವಿಕೆಯೇ. ದೇವರ ಮನೆ ದೀಪದ ಮಸಿಗೂ ಮೊದಲು ತೊಳೆಯುವುದೇ. ಮಸಿ ಮೇಲೆ ಹೊಡೆದ ಬಿಳಿ ಬಣ್ಣ ಹಳದಿ ತಿರುಗುತ್ತದೆ.

ಜೋಗದ_ದಾರಿ:

ಪ್ಲಾಸ್ಟಿಕ್ ಪರೀಕ್ಷೆ ಮಾಡಿದೆ. ಹಿಂದಿನ ರೂಮಿನಲ್ಲಿ ಹಾಳೆಯ ಒಳಮೈಗೇ ನೀರು. ಮುಂದಿನ ರೂಮಿನಲ್ಲಿ ಏನೂ ಇಲ್ಲ. ಹೊರಗೆ ಮಣ್ಣು ತೋಡಿದರೆ ಪಂಚಾಂಗ ಒಂದು ಅಡಿ ಕೆಳಗೆ ಸಿಕ್ಕಿತು. ಪಾತಿಯನ್ನು ಬೇಲಿ ಕಡೆ ಸ್ಥಳಾಂತರ ಮಾಡುವುದಕ್ಕೆ ಅಮ್ಮ ಒಪ್ಪಿದ್ದಾರೆ, ದಾಸವಾಳ ಮಾತ್ರ ಬುಡ ಸಮೇತ ಹೋಗಬೇಕು ಅನ್ನುವ ಷರತ್ತಿನ ಮೇಲೆ. ಮಣ್ಣು ತೆಗೆದರೆ ಹಬ್ಬದ ಹೊತ್ತಿಗೆ ಗೋಡೆ ಒಣಗುತ್ತದಾ?

ಇಟ್ಟಿಗೆ_ಸಿಮೆಂಟ್:

ಇಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ನೆನೆದಿದ್ದರೆ ಒಣಗುವುದಕ್ಕೆ ತಿಂಗಳುಗಳೇ ಬೇಕು. ಮಣ್ಣನ್ನು ಪಂಚಾಂಗಕ್ಕಿಂತ ಅರ್ಧ ಅಡಿ ಕೆಳಗಿನ ತನಕ ತೆಗೆಸಿ, ಗೋಡೆಯಿಂದ ಹೊರಗೆ ಇಳಿಜಾರು ಕೊಡಿ. ಶೀಟಿನ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ಅದರ ಅಂಚಿಗೆ ನೀರು ಹರಿಯುವ ದೋಣಿ ಕಟ್ಟಿಸಿ. ಒಳಗೆ ಉಪ್ಪು ಹಿಡಿದ ಗಾರೆಯನ್ನು ಇಟ್ಟಿಗೆ ಕಾಣುವ ತನಕ ಕೆತ್ತಿಸಿ, ತೇವದ ಗೆರೆಗಿಂತ ಒಂದು ಅಡಿ ಮೇಲಿನವರೆಗೂ. ಆ ಗಾರೆಯಲ್ಲೇ ಉಪ್ಪು ಕೂತಿದೆ, ಅದನ್ನು ಉಳಿಸಿಕೊಂಡರೆ ಏನೂ ಪ್ರಯೋಜನ ಇಲ್ಲ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ವಾಪಸ್ ಒಳಗೇ ಹೋಗುತ್ತದೆ. ಬೇಸಿಗೆ ತನಕ ಹಾಗೇ ಬಿಟ್ಟು, ಏಪ್ರಿಲ್ ಹೊತ್ತಿಗೆ ವಾಟರ್‌ಪ್ರೂಫಿಂಗ್ ದ್ರವ ಬೆರೆಸಿದ ಹೊಸ ಗಾರೆ ಮಾಡಿಸಿ. ಬಣ್ಣ ಅದರ ನಂತರ. ಮೇ ಕೊನೆಗೆ ಆದರೆ ಆಯಿತು, ಇಲ್ಲವಾದರೆ ಮುಂದಿನ ದೀಪಾವಳಿ.

ಜೋಗದ_ದಾರಿ:

ಹಬ್ಬಕ್ಕೆ ಇಟ್ಟಿಗೆ ಕಾಣುವ ಗೋಡೆ ಅಂದರೆ ಅಮ್ಮ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾರೆ.

ತೊಟ್ಟಿಮನೆ:

ಅದಕ್ಕೆ ಹಳೇ ದಾರಿ ಇದೆಯಲ್ಲ ಮಾರಾಯ್ರೆ. ಸುಣ್ಣ.

ನಾನು ತೀರ್ಥಹಳ್ಳಿ ಕಡೆ ಮಣ್ಣಿನ ಗೋಡೆಯ ಹಳೇ ಮನೆ ನೋಡಿಕೊಳ್ಳುತ್ತಿದ್ದೇನೆ. ಮಣ್ಣು ಮತ್ತು ಸುಣ್ಣದ ಗಾರೆಯ ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣ ಬಳಿದರೆ ಆ ಉಸಿರಾಟಕ್ಕೆ ಅಡ್ಡಿಯಿಲ್ಲ. ಅಂಥ ಗೋಡೆಗೆ ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿ, ನೀರು ಒಳಗೇ ಸಿಕ್ಕಿಕೊಂಡು ಗಾರೆ ಸಮೇತ ಬಿದ್ದ ಮನೆಗಳನ್ನು ಸುತ್ತಮುತ್ತ ಎಷ್ಟೋ ನೋಡಿದ್ದೇನೆ. ನಿಮ್ಮದು ಸಿಮೆಂಟ್ ಗಾರೆ, ಆದರೂ ಒಣಗುತ್ತಿರುವ ಗೋಡೆಗೆ ಸದ್ಯಕ್ಕೆ ಸುಣ್ಣವೇ ವಾಸಿ. ಬರೀ ಇಟ್ಟಿಗೆ ಮೇಲೂ ನಿಲ್ಲುತ್ತದೆ.

ಮಾಡುವುದು ಹೀಗೆ. ಸುಟ್ಟ ಸುಣ್ಣದ ಹರಳು ತಂದು ದೊಡ್ಡ ಪಾತ್ರೆಯಲ್ಲಿ ನೀರಿಗೆ ಹಾಕಿ. ನೀರಿಗೆ ಹರಳು, ಹರಳಿಗೆ ನೀರು ಸುರಿಯಬೇಡಿ. ಕೊತಕೊತ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಷ್ಟ, ಕನ್ನಡಕ ಹಾಕಿಕೊಳ್ಳಿ. ಎರಡು ದಿನ ನೆನೆಯಲಿ. ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ. ಸ್ವಲ್ಪ ಅಂಟು ಸೇರಿಸಿದರೆ ಕೈಗೆ ಹತ್ತುವುದು ಕಡಿಮೆ. ಬಟ್ಟೆಗೆ ಹಾಕುವ ನೀಲಿ ಚಿಟಿಕೆ ಹಾಕಿದರೆ ಬಿಳುಪು ಎದ್ದು ಕಾಣುತ್ತದೆ. ಗೋಡೆಗೆ ನೀರು ಚಿಮುಕಿಸಿ ಬಳಿಯಿರಿ. ಹಚ್ಚುವಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬಿಳುಪು ಬರುತ್ತದೆ. ಕಾಣುತ್ತಿಲ್ಲ ಅಂತ ದಪ್ಪ ಹಚ್ಚಿದರೆ ಉದುರುತ್ತದೆ. ಅಜ್ಜನ ಕಾಲದಲ್ಲಿ ಕೇದಗೆ ಬಿಳಲು ಜಜ್ಜಿ ಮಾಡಿದ ಕುಂಚ ಇರುತ್ತಿತ್ತು. ಈಗ ಅಂಗಡಿಯ ಅಗಲದ ಬ್ರಷ್ ಸಾಕು.

ನಿಮ್ಮ ಸಾಗರದ ಕಡೆ ದೀವರು ಸಮುದಾಯದವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ, ಪುಂಡಿ ನಾರಿನ ಕುಂಚದಲ್ಲಿ. ಆ ಗೋಡೆ ಎದುರು ನಮ್ಮ ಟೆಕ್ಸ್ಚರ್ ಪೇಂಟ್ ಏನೂ ಅಲ್ಲ ಬಿಡಿ. ಇದು ವಿಷಯಾಂತರ, ಕ್ಷಮಿಸಿ.

ಬ್ರಷ್_ಮೇಸ್ತ್ರಿ:

ಸುಣ್ಣದ ಐಡಿಯಾ ಒಳ್ಳೆಯದು, ಎರಡು ಮಾತು ಸೇರಿಸುತ್ತೇನೆ. ಗೋಡೆಯ ಮೇಲ್ಭಾಗದಲ್ಲಿ ಇನ್ನೂ ಡಿಸ್ಟೆಂಪರ್ ಇರುತ್ತದೆ. ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ. ಅದನ್ನು ಕೆರೆಸಿ ಆಮೇಲೆ ಬಳಿಯಿರಿ. ಮುಂದೆ ಎಮಲ್ಷನ್ ಹೊಡೆಯುವಾಗ ಈ ಸುಣ್ಣವನ್ನೂ ಪೂರ್ತಿ ಕೆರೆಯಬೇಕಾಗುತ್ತದೆ. ಕೆಲಸ ಒಂದು ಸಲ ಜಾಸ್ತಿ, ಆದರೆ ಸುಣ್ಣಕ್ಕೆ ಖರ್ಚೇ ಇಲ್ಲ ಅಂದರೂ ನಡೆಯುತ್ತದೆ.

ಇನ್ನು ಆ ಪೇಟೆಯ ಪೇಂಟರ್ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ಮೂರು ತಿಂಗಳು ಬಿಟ್ಟು ಬನ್ನಿ ಎಂದರೆ ಗಿರಾಕಿ ಬೇರೆಯವರನ್ನು ಕರೆಯುತ್ತಾರೆ. ಅದಕ್ಕೇ ನಮ್ಮವರು ಬಹಳ ಜನ "ಆಗುತ್ತೆ" ಅಂದುಬಿಡುತ್ತಾರೆ. ಕೂಲಿ ಮಾತಾಡುವಾಗ ಇಷ್ಟು ಕೇಳಿಕೊಳ್ಳಿ: ಅಳತೆಯಲ್ಲಿ ಬಾಗಿಲು, ಕಿಟಕಿ ಕಳೆಯುತ್ತಾರಾ? ಕೆರೆಯುವುದು, ಸಾಮಾನು ಸರಿಸುವುದು, ನೆಲ ಒರೆಸುವುದು ರೇಟಿನಲ್ಲಿ ಸೇರಿದೆಯಾ? ಎಷ್ಟು ಕೋಟ್? ಡಬ್ಬಿ ಸೀಲ್ ನಿಮ್ಮ ಎದುರು ಒಡೆಯಲಿ. ನೀರು ಎಷ್ಟು ಬೆರೆಸಬೇಕು ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಜಾಸ್ತಿ ನೀರು ಹಾಕಿ ಎರಡು ಕೋಟ್ ಅಂದರೆ ಅದು ಒಂದು ಕೋಟಿಗೂ ಸಮ ಅಲ್ಲ.

ಸುಮ್ನೆ_ಬಂದೆ:

ಮೇಸ್ತ್ರಿ, ಡಬ್ಬಿ ಒಳಗೆ ಟೋಕನ್ ಇರುತ್ತದಂತಲ್ಲ, ಪೇಂಟರ್‌ಗೆ ದುಡ್ಡು ಬರುವಂಥದ್ದು?

ಬ್ರಷ್_ಮೇಸ್ತ್ರಿ:

ಕೆಲವದರಲ್ಲಿ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ಪಟ್ಟಿ ಚೀಲದಲ್ಲೂ ಇರುತ್ತದೆ. ಹಾಗಾಗಿ ಪೇಂಟರ್ ಒಂದೇ ಕಂಪನಿ ಹೆಸರು ಒತ್ತಿ ಒತ್ತಿ ಹೇಳಿದರೆ ಯಾಕೆ ಎಂದು ಕೇಳಿ. ಒಳ್ಳೆ ಕಾರಣ ಹೇಳಿದರೆ ತನ್ನಿ. ದೊಡ್ಡ ಕಂಪನಿಗಳ ಒಂದೇ ದರ್ಜೆಯ ಎಮಲ್ಷನ್ ನಡುವೆ ನನಗೆ ಅಂಥ ವ್ಯತ್ಯಾಸ ಕಂಡಿಲ್ಲ. ವ್ಯತ್ಯಾಸ ದರ್ಜೆಯಲ್ಲಿದೆ. ಅಗ್ಗದ್ದು ಒರೆಸಿದರೆ ಬಟ್ಟೆಗೆ ಬರುತ್ತದೆ, ದುಬಾರಿಯದ್ದು ಮಕ್ಕಳ ಪೆನ್ಸಿಲ್ ಗೀರು ಒರೆಸಿದರೂ ತಡೆಯುತ್ತದೆ. ಸೀಲಿಂಗ್‌ಗೆ ಯಾರೂ ಕೈ ಹಚ್ಚುವುದಿಲ್ಲ, ಅಲ್ಲಿಗೆ ಅಗ್ಗದ್ದೇ ಸಾಕು. ಉಳಿದ ದುಡ್ಡನ್ನು ಗೋಡೆಗೆ ಹಾಕಿ.

ಉಪ್ಪುಗಾಳಿ:

ಬಣ್ಣ ಆರಿಸುವುದಕ್ಕೂ ಏನಾದರೂ ಹೇಳಿ ಮಾರಾಯ್ರೆ. ಶೇಡ್ ಕಾರ್ಡ್ ನೋಡಿ ತಂದದ್ದು ಗೋಡೆ ಮೇಲೆ ಬೇರೆಯೇ ಕಾಣುತ್ತದೆ.

ಬ್ರಷ್_ಮೇಸ್ತ್ರಿ:

ಚಿಕ್ಕ ಚೌಕ ನೋಡಿ ದೊಡ್ಡ ಗೋಡೆ ಊಹಿಸುವುದು ಯಾರಿಗೂ ಕಷ್ಟ ಅಕ್ಕ. ನಾಲ್ಕು ಗೋಡೆಗೆ ಬಂದಾಗ ಬಣ್ಣ ಒಂದರ ಮೇಲೆ ಒಂದು ಪ್ರತಿಫಲಿಸಿ ಗಾಢವಾಗುತ್ತದೆ. ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿ ತನ್ನಿ. ಸ್ಯಾಂಪಲ್ ಡಬ್ಬಿ ಸಿಕ್ಕರೆ ಎರಡು ಅಡಿ ಚೌಕ ಹೊಡೆದು, ಬೆಳಿಗ್ಗೆ ಒಮ್ಮೆ, ರಾತ್ರಿ ಲೈಟ್ ಹಾಕಿ ಒಮ್ಮೆ ನೋಡಿ. ಬಿಳಿ ಎಲ್‌ಇಡಿ ಕೆಳಗೆ ಕೆನೆ ಬಣ್ಣ ಬೂದಿ ಆಗುತ್ತದೆ, ಹಳದಿ ಬಲ್ಬಿನ ಕೆಳಗೆ ತಿಳಿ ನೀಲಿ ಹಸಿರಿನ ಕಡೆ ಹೋಗುತ್ತದೆ. ಹಿತ್ತಿಲ ಅಡಿಕೆ ತೋಟದ ನೆರಳು ಬೀಳುವ ರೂಮಿಗೆ ಹಸಿರು ಬೇಡವೇ ಬೇಡ, ಕತ್ತಲೆ ಗವಿ ಆಗುತ್ತದೆ. ಗೋಡೆ ಏರುಪೇರಿದ್ದರೆ ಹೊಳಪಿನ ಬಣ್ಣ ತರಬೇಡಿ, ಪ್ರತಿ ಉಬ್ಬೂ ಲೈಟಿಗೆ ಎದ್ದು ಕಾಣುತ್ತದೆ. ಮ್ಯಾಟ್ ಮುಚ್ಚಿಕೊಂಡು ಹೋಗುತ್ತದೆ.

ಜೋಗದ_ದಾರಿ:

ತೀರ್ಮಾನ ಆಯಿತು. ಮುಂದಿನ ರೂಮಿಗೆ ತಿಳಿ ಕೆನೆ, ಮ್ಯಾಟ್. ಹಿಂದಿನ ರೂಮಿಗೆ ಹಬ್ಬಕ್ಕೆ ಸುಣ್ಣ, ಗಾರೆ ಕೆಲಸ ಏಪ್ರಿಲ್‌ಗೆ. ಸುಣ್ಣ ಎಂದಾಗ ಅಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ, ಅವರು ನೀಲಿ ಎಷ್ಟು ಹಾಕಬೇಕು ಎಂದು ನನಗೇ ಪಾಠ ಶುರು ಮಾಡಿದರು. ನಾಳೆಯಿಂದ ರೋಲರ್ ಹಿಡಿಯುತ್ತೇನೆ. ಕೊನೆಗೆ ಹೊಡೆಯುವ ರೀತಿ ಹೇಳಿ.

ಬ್ರಷ್_ಮೇಸ್ತ್ರಿ:

ಮೊದಲು ಕರೆಂಟಿನ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್ಚು) ಆಫ್ ಮಾಡಿ ಸ್ವಿಚ್ ಪ್ಲೇಟ್ ಸಡಿಲಿಸಿ. ಕೆಲಸ ಹಗಲಲ್ಲೇ. ಸೀಲಿಂಗ್ ಮೊದಲು, ಗೋಡೆ ಆಮೇಲೆ, ಬಾಗಿಲು ಕಿಟಕಿ ಕೊನೆಗೆ. ಮೇಲಿನ ಹನಿ ಕೆಳಗೆ ಬಿದ್ದರೂ ಮುಂದಿನ ಕೈಯಲ್ಲಿ ಮುಚ್ಚಿಹೋಗುತ್ತದೆ.

ತೂತಿಗೆ, ಬಿರುಕಿಗೆ ಪಟ್ಟಿ ತುಂಬುವ ಜಾಗಕ್ಕೆ ಮೊದಲು ಸ್ವಲ್ಪ ಪ್ರೈಮರ್ ಹಚ್ಚಿ. ಪಟ್ಟಿ ಒಣಗಿದ ಮೇಲೆ 220 ನಂಬರ್ ಉಪ್ಪುಕಾಗದ, ಧೂಳು ಒರೆಸುವುದು, ಆಮೇಲೆ ಇಡೀ ಗೋಡೆಗೆ ಒಂದು ಕೋಟ್ ಪ್ರೈಮರ್. ಪಟ್ಟಿ ಹಾಕಿದ ಕಡೆ ಮಾತ್ರ ಪ್ರೈಮರ್ ಹಾಕಿ ಬಿಟ್ಟರೆ ಬಣ್ಣ ಒಂದೊಂದು ಕಡೆ ಒಂದೊಂದು ರೀತಿ ಹೀರಿ ತೇಪೆ ತೇಪೆ ಕಾಣುತ್ತದೆ. ಪ್ರೈಮರ್‌ಗೆ ರಾತ್ರಿ ಪೂರ್ತಿ ಬಿಡಿ.

ಎರಡು ಡಬ್ಬಿ ಬಣ್ಣ ತಂದಿದ್ದರೆ ಎರಡನ್ನೂ ಒಂದು ಬಕೆಟ್‌ನಲ್ಲಿ ಸೇರಿಸಿ ಕಲಕಿ. ಮೆಷಿನ್‌ನಲ್ಲಿ ಬೆರೆಸಿದ್ದರೂ ಡಬ್ಬಿಯಿಂದ ಡಬ್ಬಿಗೆ ಕೂದಲಷ್ಟು ಫರಕು ಬರಬಹುದು. ಎರಡೂವರೆ ಇಂಚಿನ ಬ್ರಷ್‌ನಿಂದ ಮೂಲೆ, ಅಂಚು ಎಳೆಯಿರಿ. ಅದು ಒಣಗುವ ಮುಂಚೆ 9 ಇಂಚಿನ ರೋಲರ್ ಹಿಡಿದು ಅದರ ಮೇಲೆ ಹಾಯಿಸಿ. ಇಡೀ ರೂಮಿನ ಅಂಚು ಮೊದಲೇ ಎಳೆದು ಚಹಾ ಕುಡಿಯಲು ಕೂತರೆ ಚೌಕಟ್ಟು ಹಾಕಿದ ಹಾಗೆ ಗೆರೆ ಉಳಿಯುತ್ತದೆ. ಒಂದು ಗೋಡೆ ಶುರು ಮಾಡಿದರೆ ಅದನ್ನು ಮುಗಿಸಿಯೇ ಏಳಿ. ಫ್ಯಾನ್ ಹಾಕಬೇಡಿ, ಬೇಗ ಒಣಗಿ ರೋಲರ್ ಗುರುತು ಕೂರುತ್ತದೆ. ಕೋಟ್ ನಡುವೆ ಕನಿಷ್ಠ ನಾಲ್ಕು ಗಂಟೆ, ನಿಮ್ಮ ಕಡೆಯ ಮೋಡಕ್ಕೆ ಇನ್ನೂ ಜಾಸ್ತಿ ಬಿಡಿ. ರಾತ್ರಿ ರೋಲರನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಬೆಳಿಗ್ಗೆ ತೊಳೆಯದೆ ಹಾಗೇ ಬಳಸಬಹುದು.

ಸುಮ್ನೆ_ಬಂದೆ:

ಶೇಡ್ ನಂಬರ್ ಹಾಕಿ ಗುರು, ನಮ್ಮ ಹಾಲ್‌ಗೂ ಅದೇ ಇರಲಿ.

ಜೋಗದ_ದಾರಿ:

ಅಂಗಡಿ ಚೀಟಿ ನೋಡಿ ಹಾಕುತ್ತೇನೆ. ನಿಮ್ಮ ಹಾಲ್‌ನಲ್ಲಿ ಎಲ್‌ಇಡಿ ಬಿಳಿಯಾ ಹಳದಿಯಾ ಮೊದಲು ಅದನ್ನು ಹೇಳಿ. ಮೇಸ್ತ್ರಿಯಣ್ಣ, ಅರ್ಧ ಲೀಟರ್ ಉಳಿಯುವ ಹಾಗಿದೆ, ಏನು ಮಾಡಲಿ?

ಬ್ರಷ್_ಮೇಸ್ತ್ರಿ:

ನೀರು ಬೆರೆಸಿದ್ದು ಹುಳಿ ವಾಸನೆ ಬರುತ್ತದೆ, ಅದನ್ನು ಇಡಬೇಡಿ. ಬೆರೆಸದೇ ಇದ್ದದ್ದನ್ನು ಚಿಕ್ಕ ಡಬ್ಬಿಗೆ ಕತ್ತಿನ ತನಕ ತುಂಬಿ, ಮುಚ್ಚಳ ಬಿಗಿ ಮಾಡಿ. ಮೇಲೆ ಶೇಡ್ ನಂಬರ್, ಯಾವ ರೂಮು, ಯಾವ ವರ್ಷ ಎಂದು ಬರೆದಿಡಿ. ಚೀಟಿಯನ್ನೂ ಅದಕ್ಕೇ ಅಂಟಿಸಿ.